‘ರೇನ್‌ಬೋ ಸಿಕ್ಸ್’: ಓದಿದವರೂ ಓದಬೇಕೆನ್ನುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಟಾಮ್ ಕ್ಲಾನ್ಸಿಯ ಈ ಕಾದಂಬರಿ ಬಂದು ಕಾಲು ಶತಮಾನ ದಾಟಿದೆ. ಅದರ ಮೇಲಿನ ವಾದ ಇನ್ನೂ ಮುಗಿದಿಲ್ಲ. ಮೆಚ್ಚುವವರು ಮತ್ತೆ ಮತ್ತೆ ಓದುತ್ತಾರೆ, ಒಪ್ಪದವರು ಕೊನೆಯ ಐವತ್ತು ಪುಟಗಳನ್ನು ಹಿಡಿದು ಜಗ್ಗುತ್ತಾರೆ. ಕಥೆಯ ಗುಟ್ಟು ಮೊದಲೇ ತಿಳಿಯಬಾರದು ಎನ್ನುವವರು ಮೊದಲ ಉತ್ತರ ಓದಿ, ನೇರವಾಗಿ ಕೊನೆಯ ಮೂರು ಪ್ರಶ್ನೆಗಳಿಗೆ ಹೋಗುವುದು ಒಳ್ಳೆಯದು.

ಇದು ಯಾವ ಬಗೆಯ ಪುಸ್ತಕ? ಬರೆದವನು ಸೈನಿಕನೇ?

ಸೇನೆ, ಬೇಹುಗಾರಿಕೆ, ಯಂತ್ರೋಪಕರಣ ಈ ಮೂರನ್ನೂ ಸೇರಿಸಿ ಹೆಣೆದ ರೋಚಕ ಕಾದಂಬರಿ. 1998ರ ಆಗಸ್ಟ್‌ನಲ್ಲಿ ಬಂತು. ಪೇಪರ್‌ಬ್ಯಾಕ್ ಪ್ರತಿ 900 ಪುಟಗಳ ಆಸುಪಾಸಿನಲ್ಲಿದೆ. ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ನೆಲೆಯೂರಿದ ಬಹುರಾಷ್ಟ್ರೀಯ ಭಯೋತ್ಪಾದನೆ ನಿಗ್ರಹ ಪಡೆಯೊಂದರ ಕಥೆ. ಪಡೆಯ ಹೆಸರು ರೇನ್‌ಬೋ, ಮುಖ್ಯಸ್ಥ ಜಾನ್ ಕ್ಲಾರ್ಕ್. ಅಮೆರಿಕದ ಸೇನಾ ರೇಡಿಯೋ ಸಂಕೇತಗಳಲ್ಲಿ ‘ಸಿಕ್ಸ್’ ಎಂದರೆ ತುಕಡಿಯ ನಾಯಕ.

ಕ್ಲಾನ್ಸಿ ಸೈನಿಕನಲ್ಲ. ಮೇರಿಲ್ಯಾಂಡ್‌ನಲ್ಲಿ ವಿಮಾ ಏಜೆಂಟ್ ಆಗಿದ್ದವನು. ದೃಷ್ಟಿದೋಷದಿಂದಾಗಿ ಸೇನೆಗೆ ಸೇರಲಾಗಲಿಲ್ಲ. 1984ರಲ್ಲಿ ಅವನ ಮೊದಲ ಕಾದಂಬರಿಯನ್ನು ಪ್ರಕಟಿಸಿದ್ದು ನೌಕಾಪಡೆಯ ಗಂಭೀರ ಅಧ್ಯಯನ ಗ್ರಂಥಗಳನ್ನು ತರುವ ನೇವಲ್ ಇನ್‌ಸ್ಟಿಟ್ಯೂಟ್ ಪ್ರೆಸ್. ಅಧ್ಯಕ್ಷ ರೇಗನ್ ಅದನ್ನು ಹೊಗಳಿದ ಮೇಲೆ ಕ್ಲಾನ್ಸಿ ಹಿಂತಿರುಗಿ ನೋಡಲಿಲ್ಲ. 2013ರ ಅಕ್ಟೋಬರ್ 1ರಂದು ತೀರಿಕೊಂಡ.

ಕಥೆಯ ಹುರುಳೇನು?

ಯುರೋಪಿನಲ್ಲಿ ಒಂದರ ಹಿಂದೆ ಒಂದು ಒತ್ತೆಸೆರೆ ಪ್ರಕರಣಗಳು ನಡೆಯುತ್ತವೆ. ಬರ್ನ್‌ನ ಬ್ಯಾಂಕು, ಆಸ್ಟ್ರಿಯಾದ ಹಣವಂತನೊಬ್ಬನ ಕೋಟೆಮನೆ, ಸ್ಪೇನಿನ ಮನರಂಜನಾ ಉದ್ಯಾನ. ಪ್ರತಿ ಸಲವೂ ರೇನ್‌ಬೋ ಪಡೆ ಹೋಗಿ ಬಿಡಿಸುತ್ತದೆ. ಸುಸ್ತಾಗಿ ಮೂಲೆ ಸೇರಿದ್ದ ಹಳೆಯ ಉಗ್ರರನ್ನು ಎಬ್ಬಿಸಿ ಕಳಿಸುತ್ತಿರುವವನು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯ ಮಾಜಿ ಅಧಿಕಾರಿ ಪೊಪೋವ್. ಅವನಿಗೆ ಸಂಬಳ ಕೊಡುತ್ತಿರುವವನು ಅಮೆರಿಕದ ಔಷಧ ಕಂಪನಿಯೊಂದರ ಒಡೆಯ ಜಾನ್ ಬ್ರೈಟ್ಲಿಂಗ್.

ಬ್ರೈಟ್ಲಿಂಗ್‌ಗೆ ಬೇಕಾಗಿರುವುದು ಹಣವಲ್ಲ. ಮನುಷ್ಯಕುಲ ಭೂಮಿಯನ್ನು ಹಾಳುಗೆಡವುತ್ತಿದೆ, ಆದ್ದರಿಂದ ಬಹುಪಾಲು ಮನುಷ್ಯರು ಅಳಿಯಬೇಕು ಎನ್ನುವುದು ಅವನ ನಂಬಿಕೆ. ಅದಕ್ಕೆಂದೇ ಪ್ರಯೋಗಾಲಯದಲ್ಲಿ ‘ಶಿವ’ ಎಂಬ ವೈರಸ್ ಸಿದ್ಧವಾಗಿದೆ. ಯುರೋಪಿನ ಗಲಾಟೆಗಳೆಲ್ಲ ಜಗತ್ತನ್ನು ಹೆದರಿಸಿ, ವೈರಸ್ ಹರಡಲು ಆರಿಸಿಕೊಂಡ ಸಿಡ್ನಿ ಒಲಿಂಪಿಕ್ಸ್‌ನ ಭದ್ರತೆಯ ಗುತ್ತಿಗೆಯನ್ನು ತನ್ನ ಕಡೆಯವನಿಗೆ ಕೊಡಿಸಲು ಹೂಡಿದ ಆಟ.

ಅರ್ಧ ಪುಸ್ತಕ ಯುರೋಪಿನಲ್ಲೇ ನಡೆಯುತ್ತದೆ. ಇದನ್ನು ದೇಶದೊಳಗಿನ ಭಯೋತ್ಪಾದನೆಯ ಕಾದಂಬರಿ ಎನ್ನುವುದು ಹೇಗೆ?

ಜಾಗ ನೋಡಬೇಡಿ, ಜನರನ್ನು ನೋಡಿ. ಸಂಚಿನ ಒಳವಲಯದಲ್ಲಿರುವವರು ಯಾರು? ಒಬ್ಬ ಅಮೆರಿಕನ್ ಉದ್ಯಮಿ. ಅವನ ಮಾಜಿ ಹೆಂಡತಿ, ಅಧ್ಯಕ್ಷರ ವಿಜ್ಞಾನ ಸಲಹೆಗಾರ್ತಿ. ಅಮೆರಿಕದ ಒಕ್ಕೂಟ ತನಿಖಾ ಸಂಸ್ಥೆ ಎಫ್‌ಬಿಐನ ಒತ್ತೆಯಾಳು ಬಿಡುಗಡೆ ಪಡೆಯಲ್ಲಿದ್ದು ಈಗ ಭದ್ರತಾ ಸಂಸ್ಥೆ ನಡೆಸುವ ಹೆನ್ರಿಕ್ಸನ್. ಸೇನೆಯಿಂದ ನಿವೃತ್ತನಾದ ಒಬ್ಬ ಕರ್ನಲ್. ಹೊರಗಿನವನೆಂದರೆ ಪೊಪೋವ್ ಒಬ್ಬನೇ, ಮತ್ತು ಕೊನೆಗೆ ಸಂಚನ್ನು ಬಯಲು ಮಾಡುವುದೂ ಅವನೇ. ಶೀತಲ ಸಮರದ ಕಥೆಗಳನ್ನು ಬರೆದೇ ಹೆಸರಾದ ಲೇಖಕ ಇಲ್ಲಿ ರಷ್ಯಾದವನ ಕೈಗೆ ಆತ್ಮಸಾಕ್ಷಿಯನ್ನು ಕೊಟ್ಟಿದ್ದಾನೆ. ಈ ತಿರುವನ್ನು ಓದುಗರು ಹೊಗಳಬೇಕಾದಷ್ಟು ಹೊಗಳಿಲ್ಲ ಎಂದು ನನಗೆ ಅನಿಸುತ್ತದೆ.

ವೈರಸ್ಸಿನ ಮೊದಲ ಬಲಿಗಳೂ ಅಮೆರಿಕನ್ನರೇ. ನ್ಯೂಯಾರ್ಕಿನ ಬೀದಿಯಲ್ಲಿ ಮಲಗುವ ಕುಡುಕರು, ಆಮೇಲೆ ಅಪಹರಣಕ್ಕೊಳಗಾದ ಯುವತಿಯರು.

ಓದುಗರು ಹೆಚ್ಚು ನೆನೆಯುವ ಭಾಗ ಯಾವುದು?

ಸಂದೇಹವೇ ಇಲ್ಲ, ಸ್ಪೇನಿನ ಉದ್ಯಾನದ ಪ್ರಕರಣ. ಫ್ರೆಂಚ್ ಉಗ್ರರು ಮಕ್ಕಳನ್ನು ಒತ್ತೆಯಿಟ್ಟು, ಸೆರೆಯಲ್ಲಿರುವ ಕುಖ್ಯಾತ ಉಗ್ರ ಕಾರ್ಲೋಸ್‌ನ ಬಿಡುಗಡೆಗೆ ಒತ್ತಾಯಿಸುತ್ತಾರೆ. ವಾಸಿಯಾಗದ ಕಾಯಿಲೆಯಿಂದ ಬಳಲುವ, ಗಾಲಿಕುರ್ಚಿಯಲ್ಲಿದ್ದ ಡಚ್ ಹುಡುಗಿಯನ್ನು ಒಬ್ಬ ಎಲ್ಲರೂ ನೋಡುವಂತೆ ಗುಂಡಿಟ್ಟು ಕೊಲ್ಲುತ್ತಾನೆ. ರೇನ್‌ಬೋ ಪಡೆಯ ದೂರಗುರಿಕಾರ ಹೋಮರ್ ಜಾನ್‌ಸ್ಟನ್ ದೂರದರ್ಶಕದಲ್ಲಿ ಅದನ್ನು ನೋಡುತ್ತಾನೆ. ಗುಂಡು ಹಾರಿಸಲು ಅನುಮತಿಯಿಲ್ಲ.

ದಾಳಿಯ ಹೊತ್ತಿಗೆ ಅದೇ ಕೊಲೆಗಾರ ಅವನ ಗುರಿಗೆ ಸಿಗುತ್ತಾನೆ. ತರಬೇತಿಯ ಪ್ರಕಾರ ತಲೆಗೆ ಹೊಡೆಯಬೇಕು. ಜಾನ್‌ಸ್ಟನ್ ಬೇಕೆಂದೇ ಪಿತ್ತಜನಕಾಂಗಕ್ಕೆ ಹೊಡೆಯುತ್ತಾನೆ, ಅವನು ನರಳಿ ಸಾಯಲಿ ಎಂದು. ಆಮೇಲೆ ಮೇಲಿನವರಿಂದ ಬೈಗುಳ ತಿನ್ನುತ್ತಾನೆ.

ಈ ಗುಂಡಿನ ಬಗ್ಗೆ ಓದುಗರು ಎರಡು ಪಾಳಯ. ಸರಿಯಾದ ಶಾಸ್ತಿಯಾಯಿತು ಎನ್ನುವವರು ಒಂದು ಕಡೆ. ಇನ್ನೊಂದು ಕಡೆಯವರ ಮಾತು ಕೇಳುವಂಥದ್ದು: ಶಿಸ್ತಿನ ಪಡೆಗೂ ಉಗ್ರರ ಗುಂಪಿಗೂ ಇರುವ ವ್ಯತ್ಯಾಸವೇ ಎಲ್ಲಿ ಹೊಡೆಯಬೇಕು ಎಂಬ ನಿಯಮ, ಅದನ್ನು ಕೋಪಕ್ಕೆ ಬಲಿಕೊಟ್ಟರೆ ಉಳಿಯುವುದೇನು? ಇಲ್ಲಿ ಕ್ಲಾನ್ಸಿ ಕನಿಷ್ಠ ಒಂದು ಬೈಗುಳದ ಮೂಲಕವಾದರೂ ನಿಯಮದ ಪರ ನಿಂತಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ. ಪುಸ್ತಕದ ಕೊನೆಯಲ್ಲಿ ಬೈಯುವವರು ಯಾರೂ ಇರುವುದಿಲ್ಲ.

ತುಂಬಾ ಎಳೆದಿದ್ದಾನೆ ಎನ್ನುತ್ತಾರಲ್ಲ?

ಎಳೆದಿದ್ದಾನೆ. ಬಂದೂಕುಗಳ ವರ್ಣನೆ, ಬೆಳಗಿನ ಓಟ, ತರಬೇತಿ, ಒಬ್ಬರನ್ನೊಬ್ಬರು ಛೇಡಿಸುವ ಒಂದೇ ಬಗೆಯ ಮಾತು ಹತ್ತಾರು ಪುಟ ಬರುತ್ತವೆ. ಬಿಗಿಯಾದ ಕೈಯ ಸಂಪಾದಕ ಸಿಕ್ಕಿದ್ದರೆ 200 ಪುಟ ಇಳಿಯುತ್ತಿತ್ತು. ಆದರೆ ತರಬೇತಿಯ ಪುಟಗಳನ್ನೇ ಇಷ್ಟಪಡುವ ಓದುಗರೂ ಬೇಕಾದಷ್ಟಿದ್ದಾರೆ. ಕಾದು ಕುಳಿತುಕೊಳ್ಳುವ ಬೇಸರ ಗೊತ್ತಾಗದೆ ಏಳು ಸೆಕೆಂಡಿನ ದಾಳಿಯ ಬಿಸಿ ತಟ್ಟುವುದಿಲ್ಲ ಎನ್ನುವುದು ಅವರ ವಾದ. ಅದರಲ್ಲೂ ಸತ್ಯವಿದೆ.

ಪುಸ್ತಕದಲ್ಲಿ ಬರುವ ಉಪಕರಣಗಳೆಲ್ಲ ನಿಜವೇ?

ಬಂದೂಕು, ಹೆಲಿಕಾಪ್ಟರ್, ರೇಡಿಯೋಗಳ ಮಟ್ಟಿಗೆ ಬಹುತೇಕ ನಿಜ. ಓದುಗರು ಅತಿ ಹೆಚ್ಚು ಕೇಳುವುದು ಮಾತ್ರ ಗೋಡೆಯಾಚೆ ಇರುವ ಮನುಷ್ಯನನ್ನು ಅವನ ಎದೆಬಡಿತದಿಂದ ಪತ್ತೆಹಚ್ಚುವ ಕೈಯಂತ್ರದ ಬಗ್ಗೆ. ರೇನ್‌ಬೋ ಪಡೆಯ ತಂತ್ರಜ್ಞ ನೂನನ್ ಅದನ್ನು ಹಿಡಿದು ಓಡಾಡುತ್ತಾನೆ, ಅದು ತೋರಿಸಿದ ಕಡೆ ಜನ ಇರುತ್ತಾರೆ.

ಅಂಥ ಯಂತ್ರ ಆಗ ನಿಜಕ್ಕೂ ಮಾರಾಟಕ್ಕಿತ್ತು. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ 1998ರಲ್ಲಿ, ಅಂದರೆ ಕಾದಂಬರಿ ಬಂದ ವರ್ಷವೇ, ಅದನ್ನು ಪರೀಕ್ಷೆಗೆ ಒಡ್ಡಿತು. ಐದು ದೊಡ್ಡ ಪೆಟ್ಟಿಗೆಗಳು, ಒಂದರಲ್ಲಿ ಮನುಷ್ಯ. ಯಾವ ಪೆಟ್ಟಿಗೆ ಎಂದು ಯಂತ್ರ ಹಿಡಿದವನಿಗೆ ಮೊದಲೇ ತಿಳಿಸಿದ್ದಾಗ ಹತ್ತಕ್ಕೆ ಹತ್ತು ಸರಿ. ತಿಳಿಸದೆ ಮಾಡಿದ 25 ಪ್ರಯತ್ನಗಳಲ್ಲಿ ಸರಿಯಾದದ್ದು 6. ಕಣ್ಣುಮುಚ್ಚಿ ಬೆರಳು ತೋರಿಸಿದ್ದರೂ 5 ಸರಿಯಾಗುತ್ತಿತ್ತು.

ಯಂತ್ರದ ವಿವರಗಳಿಂದಲೇ ನಂಬಿಕೆ ಗಳಿಸುವ ಬರವಣಿಗೆಗೆ ಇದು ಸಣ್ಣ ಪೆಟ್ಟಲ್ಲ. ಕ್ಲಾನ್ಸಿಯ ಅಭಿಮಾನಿಗಳು, ಕಾದಂಬರಿಯಲ್ಲವೇ, ಬಿಡಿ ಎನ್ನುತ್ತಾರೆ. ಆದರೆ ಉಳಿದೆಲ್ಲ ಕಡೆ ಇದು ನಿಜ, ಕೈಪಿಡಿ ನೋಡಿ ಬರೆದದ್ದು ಎಂದು ಮೆಚ್ಚಿಕೊಂಡವರೂ ಅವರೇ. ಎರಡೂ ಕಡೆಯಿಂದ ಲಾಭ ಮಾಡಿಕೊಳ್ಳಲು ಆಗುವುದಿಲ್ಲ.

ಪರಿಸರವಾದಿಗಳನ್ನೇ ಖಳರನ್ನಾಗಿ ಮಾಡಿದ್ದು ನ್ಯಾಯವೇ?

ಹೆಚ್ಚು ಬಿಸಿ ಏರಿಸುವ ಪ್ರಶ್ನೆ ಇದೇ. ಮೊದಲು ಆ ಕಾಲದ ಅಮೆರಿಕವನ್ನು ನೋಡಿ. ಕೈಗಾರಿಕಾ ನಾಗರಿಕತೆಯನ್ನು ದ್ವೇಷಿಸಿ 1978ರಿಂದ 1995ರವರೆಗೆ ಅಂಚೆಯಲ್ಲಿಯೂ ಮತ್ತೆ ಬೇರೆ ಬಗೆಯಲ್ಲಿಯೂ ಬಾಂಬ್ ಇಟ್ಟು ಮೂವರನ್ನು ಕೊಂದ ಟೆಡ್ ಕಝಿನ್‌ಸ್ಕಿ 1996ರ ಏಪ್ರಿಲ್‌ನಲ್ಲಿ ಸೆರೆಸಿಕ್ಕಿದ್ದ. ಅವನು ಗಣಿತದ ಮಾಜಿ ಪ್ರಾಧ್ಯಾಪಕ. ಅವನ ಸುದೀರ್ಘ ಪ್ರಬಂಧ ಪತ್ರಿಕೆಯಲ್ಲಿ ಅಚ್ಚಾದಾಗ ಅದರ ಶೈಲಿ ಗುರುತಿಸಿದವನು ಸ್ವಂತ ತಮ್ಮ. ಪುಸ್ತಕ ಬಂದ ಎರಡು ತಿಂಗಳಿಗೆ, 1998ರ ಅಕ್ಟೋಬರ್‌ನಲ್ಲಿ, ಕೊಲರಾಡೋದ ವೇಲ್ ಸ್ಕೀ ವಿಹಾರಧಾಮದ ಕಟ್ಟಡಗಳಿಗೆ ಬೆಂಕಿ ಬಿತ್ತು. ನಾವೇ ಹಚ್ಚಿದ್ದು ಎಂದು ಅರ್ತ್ ಲಿಬರೇಶನ್ ಫ್ರಂಟ್ ಎಂಬ ಉಗ್ರ ಪರಿಸರವಾದಿ ಗುಂಪು ಹೇಳಿಕೊಂಡಿತು. ನಷ್ಟ ಸುಮಾರು 1.2 ಕೋಟಿ ಡಾಲರ್. ಒಬ್ಬರೂ ಸಾಯಲಿಲ್ಲ.

ಆಕ್ಷೇಪಿಸುವ ಓದುಗರು ಹಿಡಿಯುವುದು ಈ ಕೊನೆಯ ಮಾತನ್ನೇ. ಕಟ್ಟಡ ಸುಡುವವರಿಗೂ ಮನುಷ್ಯಕುಲವನ್ನು ಅಳಿಸುವವರಿಗೂ ನಡುವೆ ಇರುವ ಕಂದಕವನ್ನು ಕಾದಂಬರಿ ಒಂದೇ ನೆಗೆತದಲ್ಲಿ ದಾಟುತ್ತದೆ. ಹಸಿರು ಸಂಘಟನೆಯ ಸದಸ್ಯ, ಕುದುರೆ ಸವಾರಿ ಮಾಡುತ್ತ ಬೆಟ್ಟ ನೋಡಿ ಖುಷಿಪಡುವವನು, ಕೋಟ್ಯಂತರ ಜನ ಸಾಯಲಿ ಎನ್ನುವವನು, ಮೂವರೂ ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ. ಈ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಬ್ರೈಟ್ಲಿಂಗ್ ಜೊತೆಗಿರುವ ಅಷ್ಟೊಂದು ವಿಜ್ಞಾನಿಗಳಲ್ಲಿ ಒಬ್ಬರಿಗಾದರೂ ರಾತ್ರಿ ನಿದ್ದೆ ಕೆಡಬೇಕಿತ್ತು.

ಆದರೆ ಒಳಗಿನವರು ರೋಗಾಣು ಹರಡುವುದು ಬರೀ ಕಲ್ಪನೆ ಎನ್ನುವವರಿಗೆ ಎರಡು ನಿಜ ಘಟನೆಗಳ ಉತ್ತರವಿದೆ. 1984ರಲ್ಲಿ ಆರೆಗಾನ್ ರಾಜ್ಯದ ದ ಡ್ಯಾಲ್ಸ್ ಎಂಬ ಊರಿನಲ್ಲಿ ಹತ್ತು ಹೋಟೆಲುಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಬೆರೆಸಿ 751 ಜನರನ್ನು ಹಾಸಿಗೆ ಹಿಡಿಸಲಾಯಿತು. ಮಾಡಿದವರು ಪಕ್ಕದ ರಜನೀಶಪುರಂನಲ್ಲಿ ನೆಲೆಸಿದ್ದ ರಜನೀಶ್ (ಓಶೋ) ಅನುಯಾಯಿಗಳು. ಸ್ಥಳೀಯ ಚುನಾವಣೆಯಲ್ಲಿ ಊರಿನವರು ಮತ ಹಾಕಲು ಬರಬಾರದು ಎಂಬುದಷ್ಟೇ ಉದ್ದೇಶ! 2001ರಲ್ಲಿ ಆಂಥ್ರಾಕ್ಸ್ ಪುಡಿ ತುಂಬಿದ ಅಂಚೆಪತ್ರಗಳಿಂದ ಐವರು ಸತ್ತರು. ಅಮೆರಿಕ ಸೇನೆಯದೇ ಪ್ರಯೋಗಾಲಯದ ವಿಜ್ಞಾನಿಯೊಬ್ಬ ಇದನ್ನು ಮಾಡಿದ ಎಂದು ಎಫ್‌ಬಿಐ ತೀರ್ಮಾನಿಸಿತು. ವಿಚಾರಣೆಗೆ ಮೊದಲೇ ಅವನು ಸತ್ತಿದ್ದರಿಂದ ಆ ತೀರ್ಮಾನ ನ್ಯಾಯಾಲಯದ ಒರೆಗಲ್ಲಿಗೆ ಬರಲೇ ಇಲ್ಲ.

ಒಳಗಿನವನ ಕೈಯಲ್ಲೇ ಬೀಗದಕೈ ಇರುತ್ತದೆ ಎಂಬ ಕ್ಲಾನ್ಸಿಯ ಊಹೆ ಸರಿ. ಅವನ ಮನಸ್ಸಿನೊಳಗೆ ಏನಿರುತ್ತದೆ ಎಂಬ ಊಹೆ ತೀರಾ ತೆಳು.

ವೈರಸ್ಸಿಗೆ ‘ಶಿವ’ ಎಂದು ಹೆಸರಿಟ್ಟದ್ದು?

ಲಯಕಾರಕನೆಂಬ ಅರೆ ತಿಳಿವಳಿಕೆಯಿಂದ ಇಟ್ಟ ಹೆಸರು. ನಮ್ಮ ಓದುಗರಲ್ಲಿ ಕೆಲವರಿಗೆ ಸಿಟ್ಟು, ಹಲವರಿಗೆ ನಗು. ಕಥೆಯಲ್ಲಿ ಇದಕ್ಕಿಂತ ಹೆಚ್ಚಿನ ಕೆಲಸ ಆ ಹೆಸರಿಗಿಲ್ಲ.

ಒಕ್ಲಹೋಮಾ ಸ್ಫೋಟ ಆದ ಮೂರೇ ವರ್ಷಕ್ಕೆ ಬಂದ ಪುಸ್ತಕದಲ್ಲಿ ಆ ಬಗೆಯ ಉಗ್ರರು ಏಕಿಲ್ಲ?

ಒಳ್ಳೆಯ ಪ್ರಶ್ನೆ. 1995ರ ಏಪ್ರಿಲ್ 19ರಂದು ಒಕ್ಲಹೋಮಾ ನಗರದ ಮರ್ರಾ ಸರ್ಕಾರಿ ಕಟ್ಟಡದ ಮುಂದೆ ಬಾಡಿಗೆ ಟ್ರಕ್ಕಿನಲ್ಲಿ ತಂದ ಬಾಂಬ್ ಸಿಡಿದು 168 ಜನ ಸತ್ತರು. ಅವರಲ್ಲಿ 19 ಮಕ್ಕಳು. ಮೊದಲ ಗಂಟೆಗಳಲ್ಲಿ ಬೆರಳು ತಿರುಗಿದ್ದು ಮಧ್ಯಪ್ರಾಚ್ಯದ ಕಡೆಗೆ. ಮಾಡಿದವನು ಕೊಲ್ಲಿ ಯುದ್ಧದಲ್ಲಿ ಪದಕ ಪಡೆದಿದ್ದ ಅಮೆರಿಕನ್ ಮಾಜಿ ಸೈನಿಕ ಟಿಮೊಥಿ ಮೆಕ್‌ವೇ.

ಅವನನ್ನು ಹಿಡಿದದ್ದು ಯಾವ ಉಪಗ್ರಹವೂ ಅಲ್ಲ. ಸ್ಫೋಟವಾಗಿ ಸುಮಾರು ಒಂದೂವರೆ ಗಂಟೆಯ ನಂತರ, ಹೆದ್ದಾರಿಯಲ್ಲಿ ಗಸ್ತು ತಿರುಗುತ್ತಿದ್ದ ಪೊಲೀಸನೊಬ್ಬ ನಂಬರ್ ಪ್ಲೇಟ್ ಇಲ್ಲದ ಹಳದಿ ಕಾರನ್ನು ನಿಲ್ಲಿಸಿದ. ಒಳಗಿದ್ದವನ ಬಳಿ ಪಿಸ್ತೂಲು ಕಂಡು ಠಾಣೆಗೆ ಒಯ್ದ. ತಾನು ಹಿಡಿದದ್ದು ಯಾರನ್ನು ಎಂದು ಅವನಿಗೆ ಆಗ ಗೊತ್ತಿರಲಿಲ್ಲ.

ಸೇನೆಯನ್ನು ಎದೆತುಂಬಿ ಮೆಚ್ಚುವ ಲೇಖಕನಿಗೆ ಪದಕವಿಜೇತ ಸೈನಿಕನೇ ಕೊಲೆಗಾರನಾಗುವ ಕಥೆ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು. ನಿವೃತ್ತ ಕರ್ನಲ್‌ನನ್ನು ಸಂಚಿನಲ್ಲಿ ಸೇರಿಸಿದ್ದಾನೆ, ನಿಜ. ಆದರೆ ಅವನನ್ನು ಮೊದಲು ಪರಿಸರವಾದಿ, ಆಮೇಲೆ ಸೈನಿಕ ಎಂಬಂತೆ ಚಿತ್ರಿಸಿದ್ದಾನೆ. ಅಷ್ಟಾದರೂ ನಂಬರ್ ಪ್ಲೇಟ್‌ನಂಥ ಒಂದು ಎಳೆ ಕಾದಂಬರಿಯಲ್ಲೂ ಇದೆ. ಸೆರೆಯಲ್ಲಿರುವ ಮೇರಿ ಬ್ಯಾನಿಸ್ಟರ್ ಎಂಬ ಯುವತಿ, ಯಾರೂ ಗಮನಿಸದ ಹೊತ್ತಿನಲ್ಲಿ ಕಂಪ್ಯೂಟರ್ ಒಂದರಿಂದ ತಂದೆಗೆ ಇ-ಮೇಲ್ ಕಳಿಸುತ್ತಾಳೆ. ತಂದೆ ಅದನ್ನು ಹಿಡಿದುಕೊಂಡು ಎಫ್‌ಬಿಐ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ಗುಂಡಿನ ಸದ್ದಿಲ್ಲದ ಈ ಪುಟಗಳು ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ನಿಜವೆನಿಸಿದವು. ಪಡೆಯ ಸಾಹಸ ಓದಲು ಬಂದವರು ಇವುಗಳ ಬಗ್ಗೆ ಮಾತೇ ಆಡುವುದಿಲ್ಲ.

ಸಂಚು ನಡೆಯುತ್ತಿರುವುದು ಅಮೆರಿಕದಲ್ಲಿ. ರೇನ್‌ಬೋ ಪಡೆ ನೇರವಾಗಿ ಅಲ್ಲೇ ನುಗ್ಗಬಹುದಿತ್ತಲ್ಲ?

ಕಾನೂನು ಬಿಡುವುದಿಲ್ಲ. 1878ರ ಪಾಸೆ ಕಾಮಿಟೇಟಸ್ ಕಾಯ್ದೆಯ ಪ್ರಕಾರ, ಸಂಸತ್ತು ಅಥವಾ ಸಂವಿಧಾನ ಸ್ಪಷ್ಟವಾಗಿ ಅನುಮತಿಸದ ಹೊರತು ಅಮೆರಿಕದಲ್ಲಿ ಪೊಲೀಸ್ ಕೆಲಸಕ್ಕೆ ಸೇನೆಯನ್ನು ಬಳಸುವಂತಿಲ್ಲ. ಆ ಕೆಲಸಕ್ಕೆಂದೇ ಎಫ್‌ಬಿಐ 1983ರಲ್ಲಿ ಒತ್ತೆಯಾಳು ಬಿಡುಗಡೆ ಪಡೆಯನ್ನು ಕಟ್ಟಿತು. ಮುಂದಿನ ವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಇತ್ತು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಆಟಗಾರರನ್ನು ಒತ್ತೆಯಿಟ್ಟು ಕೊಂದ ಕಹಿ ಯಾರೂ ಮರೆತಿರಲಿಲ್ಲ.

ಸೇನಾ ರೋಚಕ ಕಾದಂಬರಿಗೆ ಇದು ದೊಡ್ಡ ತೊಡಕು. ಶತ್ರು ಗಡಿಯಾಚೆ ಇದ್ದರೆ ಜಲಾಂತರ್ಗಾಮಿ ಕಳಿಸಬಹುದು. ಶತ್ರು ಸ್ವಂತ ಪ್ರಜೆಯಾದರೆ ಅವನಿಗೆ ವಕೀಲನಿದ್ದಾನೆ, ಅವನ ಮನೆ ಶೋಧಿಸಲು ವಾರಂಟ್ ಬೇಕು, ಅವನು ಬಾಯಿ ಬಿಡದೆ ಕೂರಬಹುದು. ‘ದೇಶದೊಳಗಿನ ಭಯೋತ್ಪಾದನೆ’ಗೆ ಒಕ್ಕೂಟ ಕಾನೂನಿನಲ್ಲಿ ವ್ಯಾಖ್ಯೆ ಸೇರಿದ್ದೇ 2001ರಲ್ಲಿ. ಈಗಲೂ ಅದೇ ಹೆಸರಿನ ಪ್ರತ್ಯೇಕ ಒಕ್ಕೂಟ ಅಪರಾಧವಿಲ್ಲ. ಮೆಕ್‌ವೇ ಮೇಲೆ ಹೊರಿಸಿದ್ದು ಸಾಮೂಹಿಕ ವಿನಾಶದ ಅಸ್ತ್ರ ಬಳಕೆ, ಸ್ಫೋಟಕದಿಂದ ನಾಶ, ಒಕ್ಕೂಟದ ಎಂಟು ಮಂದಿ ಅಧಿಕಾರಿಗಳ ಕೊಲೆ, ಹೀಗೆ ಒಟ್ಟು 11 ಆರೋಪ.

ಆದ್ದರಿಂದಲೇ ಕ್ಲಾನ್ಸಿ ಪಡೆಯನ್ನು ಹೆರೆಫರ್ಡ್‌ನಲ್ಲಿಟ್ಟ, ಒತ್ತೆಸೆರೆಗಳನ್ನು ಯುರೋಪಿನಲ್ಲಿಟ್ಟ, ರೋಗ ಹರಡುವ ಜಾಗವನ್ನು ಸಿಡ್ನಿಯ ಕ್ರೀಡಾಂಗಣದ ಮಂಜು ಸಿಂಪಡಿಸುವ ಪಂಪ್‌ಮನೆಯಲ್ಲಿಟ್ಟ, ಕೊನೆಯ ಕಾಳಗವನ್ನು ಬ್ರೆಜಿಲ್‌ನ ಕಾಡಿಗೆ ಒಯ್ದ. ಮನೆಯೊಳಗಿನ ಸಂಚಿನ ಕಥೆಯಲ್ಲಿ ಒಂದು ದಾಳಿಯೂ ಮನೆಯೊಳಗೆ ನಡೆಯುವುದಿಲ್ಲ.

ಆ ಕೊನೆಯ ಬಗ್ಗೆ ಇಷ್ಟೊಂದು ವಾದವೇಕೆ?

ಸಿಡ್ನಿಯಲ್ಲಿ ಕ್ಲಾರ್ಕ್‌ನ ಅಳಿಯ, ರೇನ್‌ಬೋ ಪಡೆಯ ತಂಡನಾಯಕ ಚಾವೆಜ್‌ನ ತಂಡ ವೈರಸ್ ತಂದವನನ್ನು ಹಿಡಿಯುತ್ತದೆ. ಸುದ್ದಿ ತಿಳಿದ ಬ್ರೈಟ್ಲಿಂಗ್ ಬಳಗ ಅಮೆಜಾನ್ ಕಾಡಿನ ನೆಲೆಗೆ ಓಡುತ್ತದೆ. ರೇನ್‌ಬೋ ಅಲ್ಲಿಗೆ ಹೋಗಿ, ಎದುರಿಸಿದವರನ್ನು ಕೊಂದು, ಶರಣಾದವರ ಬಟ್ಟೆ ಬಿಚ್ಚಿಸಿ, ಕಟ್ಟಡಗಳನ್ನು ಉಡಾಯಿಸಿ ಹೊರಟುಬಿಡುತ್ತದೆ. ಪ್ರಕೃತಿಯನ್ನು ಅಷ್ಟೊಂದು ಪ್ರೀತಿಸುತ್ತೀರಲ್ಲ, ಅದರ ಜೊತೆಗೇ ಇರಿ ಎಂಬ ಧಾಟಿ. ಬದುಕಿ ಬರುವ ಸಾಧ್ಯತೆ ಇಲ್ಲವೆಂದು ಬಿಟ್ಟವರಿಗೂ ಗೊತ್ತು.

ಮೆಚ್ಚುವವರಿಗೆ ಇದು ಕಾವ್ಯನ್ಯಾಯ. ಸಾಕ್ಷ್ಯ ಸುಟ್ಟುಹೋಗಿದೆ, ದೊಡ್ಡ ವಕೀಲರು ಬಿಡಿಸಿಕೊಂಡು ಹೋಗುತ್ತಾರೆ, ಹಾಗಾಗಲು ಬಿಡಬಹುದೇ ಎನ್ನುತ್ತಾರೆ.

ಪುಸ್ತಕವನ್ನೇ ತೆರೆದು ನೋಡೋಣ. ಸಿಡ್ನಿಯಲ್ಲಿ ಡಬ್ಬಿಯ ಸಮೇತ ಸಿಕ್ಕಿಬಿದ್ದ ಕರ್ನಲ್ ಇದ್ದಾನೆ. ಒಳಗಿದ್ದು ಬಂದ ಪೊಪೋವ್ ಇದ್ದಾನೆ. ಮೇರಿಯ ಇ-ಮೇಲ್ ಇದೆ, ಕಾಣೆಯಾದವರ ಪಟ್ಟಿ ಇದೆ. ಇಷ್ಟಿಟ್ಟುಕೊಂಡು ಮೊಕದ್ದಮೆ ನಡೆಸಲಾಗದು ಎಂದರೆ ನಂಬುವುದು ಕಷ್ಟ. ಮೆಕ್‌ವೇ ವಿಚಾರಣೆ 1997ರಲ್ಲಿ, ಅಂದರೆ ಈ ಪುಸ್ತಕ ಬರುವ ಹಿಂದಿನ ವರ್ಷ, ಡೆನ್ವರ್‌ನ ನ್ಯಾಯಾಲಯದಲ್ಲಿ ಶಿಸ್ತಾಗಿ ನಡೆದು ತೀರ್ಪು ಬಂದಿತ್ತು. 2001ರ ಜೂನ್‌ನಲ್ಲಿ ಶಿಕ್ಷೆಯೂ ಜಾರಿಯಾಯಿತು. ಆ ಶಿಕ್ಷೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸತ್ತ 168 ಜನರ ಕುಟುಂಬಗಳಿಗೆ ಒಂದು ಸಾರ್ವಜನಿಕ ವಿಚಾರಣೆ ಸಿಕ್ಕಿತು. ಕಾದಂಬರಿಯಲ್ಲಿ ಮೇರಿಯ ತಂದೆಗೆ ಅದು ಸಿಗುವುದಿಲ್ಲ. ಮಗಳನ್ನು ಯಾರು, ಏಕೆ ಕೊಂದರು ಎಂದು ತೆರೆದ ನ್ಯಾಯಾಲಯದಲ್ಲಿ ಯಾರೂ ಅವನಿಗೆ ಹೇಳುವುದಿಲ್ಲ.

ಜಾನ್‌ಸ್ಟನ್ ಹೊಡೆದ ಒಂದು ಗುಂಡಿಗೆ ಬೈದವರೇ ಇಲ್ಲಿ ಹತ್ತಾರು ಜನರನ್ನು ನರಳಿ ಸಾಯಲು ಬಿಟ್ಟು ಹೆಲಿಕಾಪ್ಟರ್ ಹತ್ತುತ್ತಾರೆ. ಇದನ್ನು ಲೇಖಕ ವ್ಯಂಗ್ಯವಾಗಿ ಬರೆದಿದ್ದರೆ ದೊಡ್ಡ ಕಾದಂಬರಿಯಾಗುತ್ತಿತ್ತು. ಅವನು ಚಪ್ಪಾಳೆಗಾಗಿ ಬರೆದಿದ್ದಾನೆ, ಚಪ್ಪಾಳೆ ಬಂದೂ ಇದೆ.

ಹೆಣ್ಣು ಪಾತ್ರಗಳು ಹೇಗಿವೆ?

ಕ್ಲಾರ್ಕ್‌ನ ಹೆಂಡತಿ ದಾದಿ, ಮಗಳು ವೈದ್ಯೆ, ಚಾವೆಜ್‌ನ ಹೆಂಡತಿಯೂ ಅವಳೇ. ಹೆರೆಫರ್ಡ್ ಆಸ್ಪತ್ರೆಯ ಮೇಲೆ ಉಗ್ರರು ನಡೆಸುವ ದಾಳಿಯಲ್ಲಿ ಇಬ್ಬರೂ ಒತ್ತೆಯಾಳುಗಳು. ಅದಕ್ಕಿಂತ ಹೆಚ್ಚು ಅವರಿಗೆ ಕೆಲಸವಿಲ್ಲ. ಮೇರಿ ಇರುವುದು ಕೆಲವೇ ಪುಟ.

ಪತ್ತೇದಾರಿ ಕಾದಂಬರಿ ಓದಿ ಬೆಳೆದ ಕನ್ನಡಿಗರಿಗೆ ಹಿಡಿಸುತ್ತದೆಯೇ?

ನಿರೀಕ್ಷೆ ಬದಲಿಸಿಕೊಂಡರೆ ಹಿಡಿಸುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳಲ್ಲಿ ಯಾರು ಮಾಡಿದ್ದು ಎಂಬ ಕುತೂಹಲ ಕೊನೆಯವರೆಗೂ ನಮ್ಮನ್ನು ಎಳೆದೊಯ್ಯುತ್ತದೆ. ಇಲ್ಲಿ ಖಳ ಬೇಗ ಗೊತ್ತಾಗುತ್ತಾನೆ. ನಮಗೆ ಗೊತ್ತು, ನಾಯಕನಿಗೆ ಗೊತ್ತಿಲ್ಲ, ಅವನಿಗೆ ಯಾವಾಗ ಗೊತ್ತಾಗುತ್ತದೆ ಎಂಬ ತಳಮಳವೇ ಇಲ್ಲಿನ ಬಂಡವಾಳ. ಇಂಗ್ಲಿಷ್ ಸರಳ. ಸಂಸ್ಥೆಗಳ ಮೊಟಕು ಹೆಸರುಗಳು ಮೊದಲ ನೂರು ಪುಟ ಕಾಡುತ್ತವೆ, ಆಮೇಲೆ ಅಭ್ಯಾಸವಾಗುತ್ತದೆ.

ಇದೇ ಹೆಸರಿನ ವಿಡಿಯೋ ಆಟ ಆಡಿದ್ದೇನೆ. ಪುಸ್ತಕವನ್ನೂ ಓದಬೇಕೇ?

ಇತ್ತೀಚಿನ ‘ಸೀಜ್’ ಆಟವನ್ನಷ್ಟೇ ಆಡಿದ್ದರೆ ಹೆಸರು ಬಿಟ್ಟು ಹೆಚ್ಚೇನೂ ಹೊಂದುವುದಿಲ್ಲ. 1998ರಲ್ಲಿ ಪುಸ್ತಕದ ಜೊತೆಗೇ ಬಂದ ಮೊದಲ ಆಟವನ್ನು ಮಾಡಿದ್ದು ರೆಡ್ ಸ್ಟಾರ್ಮ್, ಕ್ಲಾನ್ಸಿಯೂ ಸೇರಿ ಕಟ್ಟಿದ ಕಂಪನಿ. ಅದರಲ್ಲಿ ಒಂದೇ ಗುಂಡಿಗೆ ಸಾವು, ಪ್ರತಿ ದಾಳಿಗೂ ಮೊದಲು ನಕ್ಷೆ ಹರಡಿಕೊಂಡು ಯೋಜನೆ ಹಾಕಬೇಕು. ಆ ಯೋಜನೆಯ ಹಂತವನ್ನೇ ಇಷ್ಟಪಟ್ಟವರಿಗೆ ಪುಸ್ತಕದ ಉದ್ದ ಭಾರವೆನಿಸುವುದಿಲ್ಲ.

ಕ್ಲಾನ್ಸಿಯನ್ನು ಇದರಿಂದಲೇ ಆರಂಭಿಸಬಹುದೇ? ಶಾಲೆಗೆ ಹೋಗುವ ಮಗ ಕೇಳುತ್ತಿದ್ದಾನೆ, ಕೊಡಲೇ?

ಆರಂಭಿಸಬಹುದು, ಹಿಂದಿನ ಕಥೆಗಳ ಉಲ್ಲೇಖ ಬಂದರೂ ದಾರಿ ತಪ್ಪುವುದಿಲ್ಲ. ಕ್ಲಾರ್ಕ್ ಹೀಗೇಕಾದ ಎಂದು ತಿಳಿಯಬೇಕಿದ್ದರೆ 1993ರಲ್ಲಿ ಬಂದ ‘ವಿದೌಟ್ ರಿಮೋರ್ಸ್’ ಓದಿ.

ಮಗನ ವಯಸ್ಸು ಹದಿನಾರು ದಾಟಿದ್ದರೆ ಕೊಡಿ. ಹುಡುಗಿಯ ಕೊಲೆ ಮತ್ತು ಪ್ರಯೋಗಾಲಯದ ಸಾವುಗಳು ಮನಸ್ಸಿಗೆ ನಾಟುವಂತಿವೆ, ಕೋವಿಡ್ ಕಾಲ ಕಂಡ ಮಕ್ಕಳಿಗೆ ಇನ್ನೂ ಹೆಚ್ಚು. ಅವನು ಓದಿ ಮುಗಿಸಿದ ಮೇಲೆ ಕಾಡಿನಲ್ಲಿ ಬಿಟ್ಟುಬಂದದ್ದು ಸರಿಯೇ ಎಂದು ಕೇಳಿ ನೋಡಿ. ಸರಿ ಎಂದೇ ಹೇಳುತ್ತಾನೆ. ಆಗ ಮೇರಿಯ ತಂದೆಯ ಬಗ್ಗೆ ಕೇಳಿ.